ಕಾಡುಪ್ರಾಣಿಗಾಗಿ ಮನೆ ಬಾಗಿಲು ತಟ್ಟುವವರು

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ ಹರಿದದ್ದು ನೆನಪಿದೆಯಷ್ಟೆ? ಆಗ ರಾಯಬಾಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ನೀರಿನಲ್ಲಿ ಮುಳುಗಿದ ಮನೆಯ ಛಾವಣಿಯ ಮೇಲೆ ಮೊಸಳೆಯೊಂದು ಬಾಯಿ ತೆರೆದುಕೊಂಡು ಕೂತಿತ್ತು. ಆ ಚಿತ್ರ ದೇಶವನ್ನೆಲ್ಲ ಸುತ್ತಿತು. ದೂರದ ಊರಿನವರು ನೋಡಿ ಬೆರಗಾದರು, ಕೆಲವರು ನಕ್ಕರು. ಹೊಳೆದಂಡೆಯ ಸೋದರಿಯರಿಗೆ ಮಾತ್ರ ನಗು ಬಂದಿರಲಾರದು. ನೀರು ಇಳಿದ ಮೇಲೆ ಅದು ಎಲ್ಲಿ ಇಳಿದೀತು, ಕಬ್ಬಿನ ಹೊಲಕ್ಕೋ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರಕ್ಕೋ ಎಂಬುದು ಅವರ ಚಿಂತೆ.

ಮೊಸಳೆ ಹಿಡಿದು ಸಾಗಿಸಲು ಅರಣ್ಯ ಇಲಾಖೆಯವರಿದ್ದಾರೆ. ಅದರ ಮೊಟ್ಟೆ, ಮರಿ, ಆಹಾರ ಎಂದು ಅಭ್ಯಾಸ ಮಾಡಲು ಪ್ರಾಣಿವಿಜ್ಞಾನಿಗಳಿದ್ದಾರೆ. ಆದರೆ ಹೊಳೆಗೆ ಹೋಗುವ ಹೆಂಗಸಿನ ಚಿಂತೆಯನ್ನು ಕೇಳಿ ಬರೆದುಕೊಳ್ಳುವವರು ಯಾರು? ಅವಳಿಗೆ ತಿಳಿಯುವ ಮಾತಿನಲ್ಲಿ ಎಚ್ಚರಿಕೆ ಹೇಳುವವರು ಯಾರು? ಅದಕ್ಕೂ ಈಗ ಒಂದು ವಿದ್ಯೆ ಇದೆ, ಅದನ್ನೇ ಉದ್ಯೋಗ ಮಾಡಿಕೊಂಡವರೂ ಇದ್ದಾರೆ. ಪ್ರಾಣಿಗಳಿಗಿಂತ ಹೆಚ್ಚಾಗಿ, ಪ್ರಾಣಿಗಳ ನೆರೆಯಲ್ಲಿ ಬದುಕುವ ಜನರನ್ನು ಇವರು ಅಭ್ಯಾಸ ಮಾಡುತ್ತಾರೆ.

"ಮಂದಿ ಮನಿ ಬಾಗಲಾ ತಟ್ಟಾಕ ಎಂ.ಎ. ಯಾಕ ಓದಬೇಕವಾ?" ಎಂದು ಅಥಣಿ ಕಡೆಯ ತಾಯಿಯೊಬ್ಬಳು ಮಗಳನ್ನು ಕೇಳಿದರೆ ತಪ್ಪಿಲ್ಲ. ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಿಪ್ಪಾಣಿಯ ಹೆದ್ದಾರಿ ಹಿಡಿದು ಪುಣೆ ದಾಟಿದರೆ ಸಿಗುವ ಜುನ್ನರ ಎಂಬ ಊರಿನ ಕಥೆ ಕೇಳಿ.

ಅಲ್ಲಿಯೂ ನಮ್ಮಂತೆಯೇ ಕಬ್ಬಿನ ನಾಡು. ಎತ್ತರದ ಕಬ್ಬು, ಪಕ್ಕದಲ್ಲಿ ನೀರು, ರಾತ್ರಿ ಊರಲ್ಲಿ ನಾಯಿಗಳು. ಚಿರತೆಗೆ ಇನ್ನೇನು ಬೇಕು? ಹೊಲದಲ್ಲಿ ಕಂಡ ಚಿರತೆಗಳನ್ನು ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬರುವ ಏರ್ಪಾಡು ಅಲ್ಲಿ ನಡೆಯಿತು. ಊರಿಗೂ ಕ್ಷೇಮ, ಪ್ರಾಣಿಗೂ ಕ್ಷೇಮ ಎಂದು ಯಾರಿಗಾದರೂ ಅನ್ನಿಸುವುದೇ. ಆದರೆ ಆದದ್ದೇ ಬೇರೆ. ಅದಕ್ಕೆ ಮುಂಚೆ ವರ್ಷಕ್ಕೆ ಸುಮಾರು 4 ಮಂದಿಯ ಮೇಲೆ ಚಿರತೆ ಎರಗುತ್ತಿದ್ದರೆ, 2001ರಿಂದ 2003ರವರೆಗೆ ಅದು ವರ್ಷಕ್ಕೆ 17ಕ್ಕೆ ಏರಿತು! ಲೆಕ್ಕ ಹಾಕಿ ಇದನ್ನು ತೋರಿಸಿದವರು ವಿದ್ಯಾ ಅತ್ರೇಯ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಪ್ರಾಣಿ ಗಾಬರಿಗೊಂಡು ಅಲೆಯುತ್ತದೆ, ಹಿಡಿದು ಬಿಟ್ಟ ಹಿಂಸೆಯಿಂದ ಅದರ ನಡತೆಯೇ ಕೆಡಬಹುದು ಎಂಬುದು ಅವರ ವಿವರಣೆ.

ಇದು ಪ್ರಾಣಿಯ ಪಾಠವಾಯಿತು. ವಿದ್ಯಾ ಅವರು ಜನರ ಕಡೆಗೂ ತಿರುಗಿದರು. ಅಕೋಲೆ ಎಂಬ ಊರಿನ ಸುತ್ತ ಕಾಡೇ ಇಲ್ಲದ, ಚದರ ಕಿಲೋಮೀಟರಿಗೆ 300ಕ್ಕೂ ಹೆಚ್ಚು ಜನ ಇರುವ ಬಯಲಿನಲ್ಲಿ ಚಿರತೆಗಳು ಸಂಸಾರ ಹೂಡಿರುವುದನ್ನು ತಾವಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿ ತೋರಿಸಿಕೊಟ್ಟರು. ಆ ಕಡೆಯ ಜನ ವಾಘೋಬಾ ಎಂದು ಹುಲಿ-ಚಿರತೆಯನ್ನು ದೇವರೆಂದು ಪೂಜಿಸುತ್ತಾರೆ. ಹಿರಿಯರು ಆ ಪ್ರಾಣಿಯ ಜೊತೆ ಹೇಗೆ ಹೊಂದಿಕೊಂಡಿದ್ದರು ಎಂಬುದನ್ನೂ ಕೇಳಿ ಬರೆಯಬೇಕಾದ ವಿಷಯವೆಂದು ಸಂಶೋಧಕರು ತಿಳಿದರು. ಅಜ್ಜಿಯ ಮಾತಿಗೆ ವಿಜ್ಞಾನದ ಪುಸ್ತಕದಲ್ಲಿ ಸ್ಥಾನ ಸಿಕ್ಕಿತು ಅನ್ನಿ!

ಸುದ್ದಿಯ ಒಂದು ಪದ

ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ ಲಕ್ಷಾಂತರ ಜನ, ಒಳಗೆ ಚಿರತೆ. 2011ರ ಸುಮಾರಿಗೆ ಅಲ್ಲಿನ ಅರಣ್ಯ ಇಲಾಖೆ, ಸಂಶೋಧಕರು, ಊರಿನ ಉತ್ಸಾಹಿಗಳು ಸೇರಿ ಒಂದು ಕೆಲಸ ಆರಂಭಿಸಿದರು. ಪತ್ರಿಕೆಯವರನ್ನೇ ಕರೆದು ಕೂರಿಸಿ ಮಾತಾಡಿದರು. ಚಿರತೆ ರಸ್ತೆ ದಾಟಿದ್ದಕ್ಕೂ "ದಾಳಿ" ಎಂದು ಬರೆದರೆ ಓದಿದವರು ಬೋನು ತನ್ನಿ ಎನ್ನುತ್ತಾರೆ. ಬೋನು ಬಂದರೆ ಜುನ್ನರದ ಕಥೆಯೇ. ಅದರ ಬದಲು, ಕಸ ತುಂಬಿದ ಕಡೆ ನಾಯಿ ಸೇರುತ್ತವೆ, ನಾಯಿಗಾಗಿ ಚಿರತೆ ಬರುತ್ತದೆ, ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಹೊರಗೆ ಕಳಿಸಬೇಡಿ ಎಂದು ಬರೆದರೆ? ಪತ್ರಿಕೆಗಳ ಹಳೆಯ ಸುದ್ದಿಗಳನ್ನೆಲ್ಲ ಒಟ್ಟುಹಾಕಿ, ಯಾವ ಪದ ಎಷ್ಟು ಬಾರಿ ಬಂತು, ಯಾರನ್ನು ಬೈದರು ಎಂದು ಎಣಿಸಿದವರೂ ಇದ್ದಾರೆ. ಅಂಥ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪದ ಎಣಿಸುವುದೂ ವನ್ಯಜೀವಿ ರಕ್ಷಣೆಯೇ ಎಂದರೆ ಮೊದಲು ನಗು ಬರುತ್ತದೆ, ಆಮೇಲೆ ಹೌದಲ್ಲ ಅನ್ನಿಸುತ್ತದೆ.

ನಮ್ಮ ಬೆಳಗಾವಿಯನ್ನೇ ನೋಡಿ. 2022ರ ಆಗಸ್ಟ್‌ನಲ್ಲಿ ಗಾಲ್ಫ್ ಮೈದಾನದ ಕಡೆ ಚಿರತೆ ಕಂಡಿತು. ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಟ್ಟರು. ಸಕ್ರೆಬೈಲಿನಿಂದ ಆನೆಗಳನ್ನು ತರಿಸಿ ಹುಡುಕಿದರೂ ಅದು ಸಿಗಲಿಲ್ಲ. ಆ ದಿನಗಳಲ್ಲಿ ತಾಯಂದಿರ ಫೋನಿಗೆ ಬಂದ ಮಾತುಗಳಲ್ಲಿ ನಿಜ ಯಾವುದು, ಯಾರೋ ಎಲ್ಲಿಂದಲೋ ತೆಗೆದ ಚಿತ್ರ ಯಾವುದು ಎಂದು ಬಿಡಿಸಿ ಹೇಳುವವರು ಇದ್ದಿದ್ದರೆ ಎಷ್ಟು ನೆಮ್ಮದಿ!

ಕಾರಂತರ ಮೊಮ್ಮಗಳು

ಕರ್ನಾಟಕದಲ್ಲಿ ಈ ದಾರಿಯಲ್ಲಿ ನಡೆದು ಹೆಸರಾದವರು ಕೃತಿ ಕಾರಂತ. ಶಿವರಾಮ ಕಾರಂತರ ಮೊಮ್ಮಗಳು. ತಂದೆ ಉಲ್ಲಾಸ ಕಾರಂತರು ಹುಲಿಗಳ ವಿಜ್ಞಾನಿ. ತಾಯಿ ಪ್ರತಿಭಾ ಕಾರಂತರು ಮಾತು ಮತ್ತು ಭಾಷೆಯ ತೊಂದರೆಗಳ ತಜ್ಞೆ. ಅಪ್ಪನ ಕಾಡು, ಅಮ್ಮನ ಮಾತು, ಎರಡೂ ಮಗಳ ಕೆಲಸದಲ್ಲಿ ಕೂಡಿಕೊಂಡಂತೆ ನನಗೆ ಕಾಣುತ್ತದೆ. ಅಮೆರಿಕದಲ್ಲಿ ಓದಿ, 2008ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು.

ಅದಕ್ಕೂ ಮುಂಚೆಯೇ ಅವರು ಮಾಡಿದ ಒಂದು ಕೆಲಸ ಗಮನಿಸುವಂಥದ್ದು. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಹೊರಗೆ ಬಂದು ಹೊಸ ಊರು ಕಟ್ಟಿಕೊಂಡವು. ಕೃತಿ 2002ರಲ್ಲಿ ಆ ಮನೆಗಳಿಗೆ ಹೋಗಿ ಕೇಳಿದರು: ಹೊಲ ಸಿಕ್ಕಿತೇ, ಶಾಲೆ ಇದೆಯೇ, ಸಮಾಧಾನವೇ? ನಾಲ್ಕು ವರ್ಷ ಬಿಟ್ಟು 2006ರಲ್ಲಿ ಮತ್ತೆ ಹೋಗಿ ಕೇಳಿದರು. ಈ ಎರಡನೆಯ ಸಲ ಹೋಗುವುದಿದೆಯಲ್ಲ, ಅದೇ ದೊಡ್ಡದು. ಮದುವೆಯಾದ ಮಗಳನ್ನು ತಿಂಗಳಿಗೆ ಕೇಳಿದರೆ ಒಂದು ಉತ್ತರ, ನಾಲ್ಕು ವರ್ಷಕ್ಕೆ ಕೇಳಿದರೆ ಇನ್ನೊಂದು ಉತ್ತರ, ಅಲ್ಲವೇ?

ಮುಂದೆ ದೇಶದ 11 ಅಭಯಾರಣ್ಯಗಳ ಸುತ್ತ 5,000ಕ್ಕೂ ಹೆಚ್ಚು ಮನೆಗಳನ್ನು ಅವರ ತಂಡ ಕೇಳಿತು. ಬೆಳೆ ಹೋದವರು, ದನ ಹೋದವರು ಬಹಳ. ಪರಿಹಾರ ಸಿಕ್ಕವರು ಕಡಿಮೆ. ಅರ್ಜಿ, ಪಹಣಿ, ಫೋಟೋ, ಕಚೇರಿಗೆ ಅಲೆದಾಟ... ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಇದಕ್ಕಾಗಿ 2015ರಲ್ಲಿ ಬಂಡೀಪುರ, ನಾಗರಹೊಳೆಗಳ ಸುತ್ತ "ವೈಲ್ಡ್ ಸೇವೆ" ಆರಂಭಿಸಿದರು. ದುಡ್ಡು ಬೀಳದ ಒಂದು ನಂಬರಿಗೆ ಫೋನ್ ಮಾಡಿದರೆ ಕಾರ್ಯಕರ್ತರು ಮನೆಗೇ ಬಂದು ಫೋಟೋ ತೆಗೆದು, ಕಾಗದಪತ್ರ ಸೇರಿಸಿ, ಅರ್ಜಿ ಸಿದ್ಧಮಾಡಿ ಇಲಾಖೆಗೆ ತಲುಪಿಸುತ್ತಾರೆ. ಹೀಗೆ ಸಾವಿರಾರು ಅರ್ಜಿಗಳು ಹೋದವು. 2018ರಲ್ಲಿ ಕಾಡಂಚಿನ ಹಳ್ಳಿ ಮಕ್ಕಳಿಗೆ ಆಟ, ಕಥೆಗಳ ಮೂಲಕ ಕಲಿಸುವ "ವೈಲ್ಡ್ ಶಾಲೆ" ಬಂತು. 2019ರಲ್ಲಿ ಕೃತಿಯವರಿಗೆ ರೋಲೆಕ್ಸ್ ಪ್ರಶಸ್ತಿ ಸಿಕ್ಕಿತು. ಆದರೆ ಆನೆ ತುಳಿದ ರಾಗಿ ಹೊಲಕ್ಕೆ ಆ ಹೊತ್ತಿನಲ್ಲಿ ಬಂದು ನಿಂತವರನ್ನೇ ಹೊಲದವಳು ನೆನೆಯುತ್ತಾಳೆ.

ಓದಬೇಕಾದ ಹುಡುಗಿಗೆ

ಸಮಾಜಶಾಸ್ತ್ರ, ಸಮಾಜಕಾರ್ಯ, ಪತ್ರಿಕೋದ್ಯಮ ಓದಿದವರಿಗೂ ಇಲ್ಲಿ ಜಾಗವಿದೆ. ವಿಜ್ಞಾನ ಓದಿದವರು ಶಿರಸಿಯ ಅರಣ್ಯ ಕಾಲೇಜು, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯತ್ತ ನೋಡಬಹುದು. ಬೆಂಗಳೂರಿನ ಏಟ್ರೀ ಸಂಸ್ಥೆಯಲ್ಲಿ ಪರಿಸರ ಮತ್ತು ಸಮಾಜ ಎರಡನ್ನೂ ಸೇರಿಸಿ ಪಿಎಚ್.ಡಿ. ಮಾಡಿಸುತ್ತಾರೆ. ಇಂಗ್ಲಿಷ್ ಬೇಕೇ ಬೇಕು, ಅಂಕಿಸಂಖ್ಯೆಯ ಲೆಕ್ಕವೂ ಬೇಕು. ಆದರೆ ಇವೆರಡೂ ಬಂದು, ಚಿಕ್ಕೋಡಿ ಕಡೆಯ ಕನ್ನಡ, ನಿಪ್ಪಾಣಿ ಕಡೆಯ ಮರಾಠಿ ಎರಡನ್ನೂ ಮನೆಯಲ್ಲೇ ಕಲಿತ ಹುಡುಗಿ ಸಿಗುವುದು ಅಪರೂಪ. ಪ್ರಶ್ನೆಯನ್ನು ಕೇಳುವ ರೀತಿಯೇ ಒಂದು ವಿದ್ಯೆ. "ಮೊಸಳಿ ಇರಬೇಕೋ ಬ್ಯಾಡೋ?" ಎಂದರೆ ಬಂದವರ ಮುಖ ನೋಡಿ ಉತ್ತರ ಕೊಡುತ್ತಾರೆ. "ಹೋದ ಬ್ಯಾಸಿಗ್ಯಾಗ ಹೊಳಿಗೆ ಯಾವ ಹೊತ್ತಿನ್ಯಾಗ ಹೋಗತಿದ್ರಿ, ಅಕ್ಕಾರ?" ಎಂದರೆ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಕಷ್ಟವನ್ನೂ ಹೇಳಬೇಕು. ಇದು ಸರಕಾರಿ ನೌಕರಿಯಂತೆ ಭದ್ರವಲ್ಲ. ಹೆಚ್ಚಿನ ಕೆಲಸ ಯೋಜನೆ ಇರುವ ತನಕ. ಹಣ ಮುಗಿದರೆ ಮತ್ತೊಂದು ಹುಡುಕಬೇಕು. ತಿಂಗಳುಗಟ್ಟಲೆ ಪರ ಊರು, ಬಿಸಿಲು, ಸಿಕ್ಕಿದ್ದು ಊಟ. "ಒಬ್ಬಾಕೆನ ಹೆಂಗ ಕಳಸೂದು?" ಎಂಬ ತಾಯಿಯ ಪ್ರಶ್ನೆ ಹುರುಳಿಲ್ಲದ್ದಲ್ಲ. ಜೊತೆಗೆ ಯಾರಿರುತ್ತಾರೆ, ರಾತ್ರಿ ಎಲ್ಲಿ ಉಳಿಯುತ್ತಾರೆ, ವಾಹನ ಯಾರದು ಎಂದು ಸೇರುವ ಮುಂಚೆಯೇ ಆ ಸಂಸ್ಥೆಯನ್ನು ಕೇಳಿ ತಿಳಿದುಕೊಳ್ಳಲಿ. ಒಳ್ಳೆಯ ಸಂಸ್ಥೆ ಬೇಸರಪಡುವುದಿಲ್ಲ.

ಕೆಲಸವಂತೂ ನಮ್ಮ ಐದು ತಾಲ್ಲೂಕುಗಳಲ್ಲೇ ಬೇಕಾದಷ್ಟಿದೆ. ಕಬ್ಬು ಕಡಿಯುವಾಗ ಚಿರತೆಮರಿ ಸಿಕ್ಕರೆ ಏನು ಮಾಡಬೇಕು? ಮುದ್ದಾಗಿದೆ ಎಂದು ಎತ್ತಿಕೊಂಡು ಊರಿಗೆ ತಂದರೆ ತಾಯಿ ಹುಚ್ಚೆದ್ದು ಹುಡುಕುತ್ತದೆ. ಕೈ ಹಚ್ಚದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಜುನ್ನರದ ಕಡೆ ಇಲಾಖೆಯವರು ಮರಿಯನ್ನು ಸಿಕ್ಕ ಜಾಗದಲ್ಲೇ ಸಂಜೆಗೆ ಇಟ್ಟು ದೂರ ನಿಲ್ಲುತ್ತಾರೆ, ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಇದನ್ನು ಕಬ್ಬಿನ ಗ್ಯಾಂಗಿನವರಿಗೆ ಹೇಳುವವರಾರು?

ಇನ್ನು ಮೊಸಳೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಅದು ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಸುಮಾರು ಎರಡು ತಿಂಗಳು ತಾಯಿ ಅಲ್ಲೇ ಸುತ್ತ ಕಾಯುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಜನರೂ ದನಗಳೂ ಅದೇ ಮಡುವಿಗೆ ಇಳಿಯುವ ಕಾಲವೂ ಅದೇ. ಎಚ್ಚರಿಕೆಯ ಫಲಕ ನೆಡಬೇಕು, ಸರಿ. ಯಾವ ಭಾಷೆಯಲ್ಲಿ? ಕಾಗವಾಡ, ನಿಪ್ಪಾಣಿಯಲ್ಲಿ ಮರಾಠಿಯೂ ಬೇಕು, ಓದು ಬಾರದ ಅಜ್ಜಿಗೆ ಚಿತ್ರ ಬೇಕು. ಎಲ್ಲಿ? ಡಾಂಬರು ರಸ್ತೆಯ ಪಕ್ಕ ನೆಟ್ಟರೆ ಜೀಪಿನವರು ಓದಿಯಾರು. ಸಮೀಕ್ಷೆಗೆ ಹೋದವರ ಮುಂದೆ ಕಟ್ಟೆಯ ಮೇಲಿನ ಗಂಡಸರೇ ಮಾತಾಡುತ್ತಾರೆ. ಯಾವ ದಾರಿಯಿಂದ ಹೊಳೆಗೆ ಇಳಿಯುತ್ತಾರೆ, ಯಾವ ಕಲ್ಲಿನ ಹತ್ತಿರ ನೀರು ಆಳ, ಹೋದ ವಾರ ಅಲ್ಲಿ ಏನು ಕಂಡಿತು ಎಂಬುದು ಮಾತ್ರ ಒಳಗೆ ರೊಟ್ಟಿ ಬಡಿಯುತ್ತಿರುವವಳಿಗೆ ಗೊತ್ತು. ಆಕೆ ಹೊರಗೆ ಬಂದು ಹೇಳಲಾರಳು. ಕೇಳುವವಳೇ ಒಳಗೆ ಹೋಗಿ ಒಲೆಯ ಹತ್ತಿರ ಕೂತುಕೊಳ್ಳಬೇಕು.