ನೆಲಕ್ಕುಜ್ಜುವ ಪಾದಕ್ಕೆ ವಿದ್ಯುತ್ತಿನ ನೆರವು

ಪಾರ್ಶ್ವವಾಯು ಬಂದುಹೋದ ಮನೆಗಳಲ್ಲಿ ಇದು ಹೊಸ ದೃಶ್ಯವಲ್ಲ. ಹಿರಿಯರ ಮಾತು ಮರಳಿದೆ, ಗೋಡೆ ಹಿಡಿದು ನಡೆಯುತ್ತಾರೆ. ಆದರೆ ಒಂದು ಪಾದ ಮಾತ್ರ ಮೇಲೇಳುವುದಿಲ್ಲ. ಬೆರಳು ನೆಲಕ್ಕುಜ್ಜುತ್ತದೆ, ಚಪ್ಪಲಿ ಕಳಚುತ್ತದೆ, ಹೊಸ್ತಿಲು ಕಂಡರೆ ಭಯ. “ಸ್ವಲ್ಪ ಕಾಲೆತ್ತಿ ನಡೆಯಬಾರದೇ?” ಎಂದು ನಾವು ಗದರುತ್ತೇವೆ. ಅದು ಅವರ ಉದಾಸೀನವಲ್ಲ. ವೈದ್ಯರು ಇದನ್ನು ‘ಫುಟ್ ಡ್ರಾಪ್’ ಎನ್ನುತ್ತಾರೆ.

ಪಾದವನ್ನೆತ್ತುವ ಆಜ್ಞೆ ಮೆದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಪೆರೋನಿಯಲ್ ನರದ ಮೂಲಕ ಸ್ನಾಯುವಿಗೆ ತಲುಪಬೇಕು. ಪಾರ್ಶ್ವವಾಯುವಿನಲ್ಲಿ ಮೆದುಳಿಗೆ ಪೆಟ್ಟಾಗಿ ಆಜ್ಞೆಯೇ ಹೊರಡುವುದಿಲ್ಲ. ಕಾಲಿನ ನರ ಮಾತ್ರ ಜೀವಂತವಾಗಿರುತ್ತದೆ. ಆ ನರವನ್ನು ಹೊರಗಿನಿಂದಲೇ ಎಚ್ಚರಿಸಬಹುದೆಂದು ಅಮೆರಿಕದ ವೈದ್ಯ ವ್ಲಾಡಿಮಿರ್ ಲಿಬರ್ಸನ್ ಮತ್ತು ಸಂಗಡಿಗರು 1961ರಲ್ಲಿ ತೋರಿಸಿಕೊಟ್ಟರು. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಒಂದು ಪಟ್ಟಿ, ಹಿಮ್ಮಡಿಯಡಿಯಲ್ಲಿ ಒಂದು ಸ್ವಿಚ್. ಹಿಮ್ಮಡಿ ನೆಲ ಬಿಟ್ಟೊಡನೆ ಸಣ್ಣ ವಿದ್ಯುತ್ ಮಿಡಿತ ಹರಿದು ಪಾದ ಮೇಲೇಳುತ್ತದೆ. ಹಿಮ್ಮಡಿ ಊರಿದಾಗ ಮಿಡಿತ ನಿಲ್ಲುತ್ತದೆ. ಇಂದಿನ ಕೆಲವು ಸಾಧನಗಳು ಸ್ವಿಚ್ಚಿಲ್ಲದೆ, ಕಾಲಿನ ಓರೆಯನ್ನೇ ಗುರುತಿಸಿ ಕೆಲಸ ಮಾಡುತ್ತವೆ.

ಆದರೆ ಇದು ಎಲ್ಲರಿಗೂ ಆಗಿಬರುವುದಿಲ್ಲ. ಕುಷ್ಠರೋಗದಿಂದ, ಮೊಣಕಾಲಿನ ಗಾಯದಿಂದ ಅಥವಾ ಬೆನ್ನಿನ ಡಿಸ್ಕ್ ಒತ್ತಿ ನರವೇ ಕೆಟ್ಟಿದ್ದರೆ ಈ ಸಾಧನದಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆದ್ದರಿಂದ ಜಾಹೀರಾತು ನೋಡಿ ಹಣ ತೆರುವ ಮುನ್ನ ನರರೋಗ ತಜ್ಞರಿಗೆ ತೋರಿಸಿ, ದೋಷ ಎಲ್ಲಿದೆಯೆಂದು ತಿಳಿಯಿರಿ. ಸಾಧ್ಯವಾದರೆ ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಕಟ್ಟಿ ನಡೆದು ನೋಡಲಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದವರು, ಅಪಸ್ಮಾರ ಇರುವವರು, ಗರ್ಭಿಣಿಯರು ವೈದ್ಯರ ಒಪ್ಪಿಗೆಯಿಲ್ಲದೆ ಬಳಸಲೇಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮುಗಟ್ಟಿದವರ ಚರ್ಮವನ್ನು ಪ್ರತಿದಿನ ಪರೀಕ್ಷಿಸಬೇಕು; ಪಟ್ಟಿಯಡಿ ಕೆಂಪಾದರೂ ಅವರಿಗೆ ತಿಳಿಯದೆ ಹೋಗಬಹುದು.

ಸಾಧನ ದುಬಾರಿ. ಕೊಡಿಸಲಾಗಲಿಲ್ಲವೆಂದು ಕೊರಗುವ ಮಕ್ಕಳು, ಸೊಸೆಯಂದಿರು ಒಂದು ವಿಷಯ ತಿಳಿದಿರಲಿ. ಪಾರ್ಶ್ವವಾಯುವಿಗೆ ತುತ್ತಾದ 197 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸಾಧನ ಕಟ್ಟಿದವರೂ ಪಾದವನ್ನು ಹಿಡಿದಿಡುವ ಸಾದಾ ಪ್ಲಾಸ್ಟಿಕ್ ಪಟ್ಟಿ ತೊಟ್ಟವರೂ ಮೊದಲಿಗಿಂತ ವೇಗವಾಗಿ ನಡೆದರು. ಇಬ್ಬರ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹೆಚ್ಚು ಹಿತವೆನಿಸಿದ್ದು ವಿದ್ಯುತ್ ಸಾಧನವೇ, ನಿಜ. ಆದರೆ ಸಾದಾ ಪಟ್ಟಿಯೂ ಕೈಬಿಡುವುದಿಲ್ಲ.

ಯಾವುದನ್ನು ಆರಿಸಿದರೂ ವ್ಯಾಯಾಮ ನಿಲ್ಲದಿರಲಿ. ನಡೆಯುವ ದಾರಿಯಲ್ಲಿ ಮಡಚಿಕೊಳ್ಳುವ ಚಾಪೆ, ಒದ್ದೆ ನೆಲ ಬೇಡ. ಸಡಿಲ ಚಪ್ಪಲಿಯ ಬದಲು ಹಿಮ್ಮಡಿ ಹಿಡಿಯುವ ಪಾದರಕ್ಷೆ ಇರಲಿ. ಮತ್ತು ಇನ್ನು ಮುಂದೆ ಗದರುವ ಬದಲು ಕೈ ನೀಡೋಣ.