ಮರುದಿನದ ನಗು

ಮೊದಲು ಅಲುಗುವುದು ಕಾಲಿನ ಹೆಬ್ಬೆರಳು. ಟೀವಿಯೊಳಗಿನ ಮನುಷ್ಯ ಎಡವಟ್ಟು ಮಾತೊಂದನ್ನು ಆಡಲು ಬಾಯಿ ತೆರೆದಿರುತ್ತಾನೆ. ಅವನೇನು ಹೇಳಲಿದ್ದಾನೆ ಎಂಬುದು ಪಡಸಾಲೆಯ ಚಾಪೆಯ ಮೇಲೆ ಕೂತವರಿಗೆಲ್ಲ ತಿಳಿದುಬಿಟ್ಟಿರುತ್ತದೆ, ಅವನೊಬ್ಬನಿಗೆ ಮಾತ್ರ ತಿಳಿದಿರುವುದಿಲ್ಲ. ಹೆಬ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಕೈ ಏಳುತ್ತದೆ: ಹೆಂಗಸರದು ಸೆರಗಿನ ಅಂಚಿಗೆ, ಗಂಡಸರದು ತಲೆಯ ಟೋಪಿಗೆ ಇಲ್ಲವೇ ಕತ್ತಿನ ಹಿಂಭಾಗಕ್ಕೆ. ಮನೆಯ ಆಯಿ ಪರದೆಯತ್ತ ನೇರವಾಗಿ ಬೇಡಿಕೊಳ್ಳುತ್ತಾಳೆ: “ಬ್ಯಾಡೋ ಯಪ್ಪಾ, ಹೇಳಬ್ಯಾಡೋ!” ಮಾತು ಬಿದ್ದೇ ಬಿಡುತ್ತದೆ. ಆ ಗಳಿಗೆಗೆ ಒಬ್ಬರಾದರೂ ಎದ್ದು ಹೋಗುತ್ತಾರೆ. ದನಕ್ಕೆ ಮೇವು ಹಾಕಬೇಕಂತೆ, ಒಲೆಯ ಮೇಲೆ ಹಾಲು ಇಟ್ಟಿದೆಯಂತೆ. ಹೋಗಿ ನೋಡಿದರೆ ದನದ ಮುಂದೆ ಮೇವು ಬಿದ್ದಿರುತ್ತದೆ, ಹಾಲು ಇನ್ನೂ ಬೆಚ್ಚಗೂ ಆಗಿರುವುದಿಲ್ಲ.

ಇದು ಹುಕ್ಕೇರಿ ತಾಲ್ಲೂಕಿನ ದಡ್ಡಿ. ಸಹ್ಯಾದ್ರಿಯಲ್ಲಿ ಹುಟ್ಟಿ ಮಹಾರಾಷ್ಟ್ರ ದಾಟಿ ಬರುವ ಘಟಪ್ರಭೆ ಇಲ್ಲಿಂದ ಮುಂದೆ ಹಿಡಕಲ್ ಜಲಾಶಯ ಸೇರುತ್ತಾಳೆ, ಅಲ್ಲಿಂದ ಧೂಪದಾಳ, ಗೋಕಾಕದ ಜಲಪಾತ, ಆಮೇಲೆ ಮೂಡಲಗಿಯ ಕಬ್ಬಿನ ಸೀಮೆ. ನಾನು ಈ ಕಡೆ ಬರುವುದು ಹೊಳೆಯ ಹಕ್ಕಿಗಳಿಗಾಗಿ. ಕತ್ತಲಾದ ಮೇಲೆ ಹಕ್ಕಿಯಿಲ್ಲ, ಪಡಸಾಲೆ ಇದೆ. ಹಕ್ಕಿಯ ಮುಂದೆ ಕೂರುವ ರೀತಿಯಲ್ಲೇ ಇಲ್ಲೂ ಕೂರುತ್ತೇನೆ, ಮನೆಯವರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು. ಟೀವಿಗೆ ಬೆನ್ನು, ಜನರಿಗೆ ಮುಖ.

ಎದ್ದು ಹೋಗುವ ಆ ನಡೆಯನ್ನು ಅಂಗಳದಲ್ಲೂ ನೋಡಬಹುದು. ಎರಡು ಹುಂಜಗಳು ಎದುರುಬದುರು ನಿಂತು ಕತ್ತಿನ ಗರಿ ಕೆದರಿಕೊಂಡಿರುತ್ತವೆ. ಮೇಲೆ ಬೀಳುವ ಆಸೆ, ಓಡಿಹೋಗುವ ಭಯ ಎರಡೂ ಸಮಸಮ. ಆಗ ಒಂದು ಹುಂಜ ತಟ್ಟನೆ ತಲೆ ತಗ್ಗಿಸಿ ನೆಲ ಕುಕ್ಕತೊಡಗುತ್ತದೆ. ಅಲ್ಲಿ ಕಾಳೇ ಇರುವುದಿಲ್ಲ. ನಿಕೊ ಟಿನ್‌ಬರ್ಗೆನ್ ಮತ್ತು ಆಡ್ರಿಯಾನ್ ಕೋರ್ಟ್‌ಲ್ಯಾಂಡ್ ಎಂಬ ಡಚ್ ವಿಜ್ಞಾನಿಗಳು 1940ರಲ್ಲಿ, ಬೇರೆಬೇರೆಯಾಗಿಯೇ, ಇಂಥ ವರ್ತನೆಯನ್ನು ಗುರುತಿಸಿ ಬರೆದರು: ಎರಡು ಒತ್ತಡಗಳು ಒಂದೇ ಬಲದಲ್ಲಿ ಎಳೆದಾಗ ಜೀವಿ ಅವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಕೆಲಸಕ್ಕೆ ಕೈಹಾಕುತ್ತದೆ. ಪಡಸಾಲೆಯಲ್ಲೂ ಎರಡು ಒತ್ತಡಗಳಿವೆ. ನೋಡಬೇಕು, ನೋಡಲಾಗದು. ಸೆರಗು ಸರಿಪಡಿಸುವುದು, ಹಾಲು ನೆನಪಾಗುವುದು ಆ ನಡುವಿನ ಕೆಲಸಗಳು.

ನೋಡುವುದು ಹೆಚ್ಚಾಗಿ ಹಳೆಯ ಕಂತುಗಳನ್ನೇ. ಕನ್ನಡಕ್ಕೆ ಈ ಬಗೆಯ ಮನೆಯೊಳಗಿನ ಹಾಸ್ಯ ದೂರದರ್ಶನದ ಕಾಲದಲ್ಲೇ ಬಂದಿತ್ತು. ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ಅದೇ ಕಾಲದ್ದು. ‘ಸಿಹಿ ಕಹಿ’ ಎಂಬ ಧಾರಾವಾಹಿ ಚಂದ್ರು ಮತ್ತು ಗೀತಾ ಇಬ್ಬರ ಹೆಸರಿಗೂ ಅಂಟಿಕೊಂಡು ಹಾಗೆಯೇ ಉಳಿದಿದೆ. 2000ದ ಡಿಸೆಂಬರಿನಲ್ಲಿ ಈಟೀವಿ ಕನ್ನಡ ಶುರುವಾದ ಮೇಲೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬಂದವು. ದಡ್ಡಿಯ ಮಧ್ಯವಯಸ್ಸಿನವರ ಮಾತಿನಲ್ಲಿ ಇಂದಿಗೂ ಓಡಾಡುವವರು ಮೊದಲನೆಯದರ ಪಾಂಡು ಮತ್ತು ‘ಸಿಲ್ಲಿ ಲಲ್ಲಿ’ಯ ವಿಠ್ಠಲರಾಯರು. 2018ರಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್‌ನಲ್ಲಿ ಹೊಸದಾಗಿ ಬಂತು. ಆದರೆ ಇಲ್ಲಿನವರು ಮೊಬೈಲಿನಲ್ಲಿ ಹುಡುಕಿ ಟೀವಿಗೆ ಜೋಡಿಸುವುದು ಮೊದಲಿನದನ್ನೇ.

ಈ ಇಬ್ಬರ ಮುಂದೆ ಮೈಗಳು ಬೇರೆಬೇರೆ ರೀತಿ ನಡೆದುಕೊಳ್ಳುತ್ತವೆ. ಚಿದಾನಂದ್ ಅಭಿನಯದ ಪಾಂಡು ಹೆಂಡತಿಯಿಂದ, ಅಂದರೆ ಶಾಲಿನಿಯವರ ಪಾತ್ರದಿಂದ, ಏಟು ತಿಂದರೆ ನಗು ಆ ಕ್ಷಣಕ್ಕೇ, ಎಲ್ಲರಿಂದ ಒಟ್ಟಿಗೆ, ಬಾಯಿ ತೆರೆದು ಬರುತ್ತದೆ. ಏಟು ಬಿತ್ತು, ನಕ್ಕರು, ಮುಗಿಯಿತು. ರವಿಶಂಕರ್ ಗೌಡರ ಡಾಕ್ಟರ್ ವಿಠ್ಠಲರಾಯ ತನ್ನ ಹಿರಿಮೆಯನ್ನು ತಾನೇ ಸಾರಿಕೊಳ್ಳುತ್ತಾ ಎದುರಿನವರ ಮುಖ ಸಪ್ಪೆಯಾಗಿದ್ದನ್ನು ಕಾಣದೆ ಮುಂದುವರಿದಾಗ ಮಾತ್ರ ಹೆಬ್ಬೆರಳು ಮಡಚುತ್ತದೆ. ನಗು ಬರುತ್ತದೆ, ಆದರೆ ಮೂಗಿನಲ್ಲಿ, ಅರ್ಧ ಉಸಿರಾಗಿ. ಅದೇ ಧಾರಾವಾಹಿಯಲ್ಲಿ ಮಂಜುಭಾಷಿಣಿಯವರ ಲಲಿತಾಂಬ ಸಮಾಜಸೇವೆಯ ಭಾಷಣಕ್ಕೆ ನಿಂತಾಗಲೂ ಹೀಗೆಯೇ. ಬಿದ್ದವನನ್ನು ನೋಡಿ ನಗುವುದು ಸುಲಭ. ತಾನು ಬೀಳುತ್ತಿದ್ದೇನೆಂದು ಅರಿಯದವನ ಮುಂದೆ ಆ ಅರಿವಿನ ಭಾರವನ್ನೆಲ್ಲ ನೋಡುವವರೇ ಹೊರಬೇಕು.

2011ರಲ್ಲಿ ಜರ್ಮನಿಯ ಸೋರೆನ್ ಕ್ರಾಖ್ ಮತ್ತು ಸಂಗಡಿಗರು ಇದನ್ನು ಮಿದುಳಿನ ಚಿತ್ರಗಳಲ್ಲಿ ಹುಡುಕಿದರು. ಬೇರೆಯವರ ಮುಜುಗರವನ್ನು ಕಂಡಾಗ, ಬೇರೆಯವರ ನೋವನ್ನು ಕಂಡಾಗ ಚುರುಕಾಗುವ ಮಿದುಳಿನ ಭಾಗಗಳೇ ಚುರುಕಾದವು. ಎಡವಿದವನಿಗೆ ತನ್ನ ಎಡವಟ್ಟು ಗೊತ್ತಿದ್ದರೂ ಅಷ್ಟೇ, ಗೊತ್ತಿರದಿದ್ದರೂ ಅಷ್ಟೇ. ಮುಂದೆ ಅದೇ ವಿಜ್ಞಾನಿಗಳು ನೋಡಿದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ: ಎಡವಿದವರು ಗುರುತಿಲ್ಲದವರಾದರೆ ಕಸಿವಿಸಿ ಕಡಿಮೆ, ಗೆಳೆಯರಾದರೆ ಹೆಚ್ಚು. ದಡ್ಡಿಯ ಪಡಸಾಲೆಯಲ್ಲಿ ಇದಕ್ಕೆ ಯಂತ್ರ ಬೇಕಿಲ್ಲ, ಕಿವಿ ಸಾಕು. “ಥೇಟ್ ನಮ್ಮ ಕಾಕಾನ ಗತೆನ ಅದಾನ ನೋಡ ಇಂವಾ” ಎಂದು ಯಾರೋ ಹೇಳಿದ ಮೇಲೆ ಆ ಪಾತ್ರದ ಪ್ರತಿ ಎಡವಟ್ಟಿಗೂ ಮೈ ಮುದುಡುವುದು ಕಣ್ಣಿಗೆ ಬೀಳುವಷ್ಟು ಹೆಚ್ಚುತ್ತದೆ. ಪಾತ್ರ ನೆಂಟನಾಗಿದೆ, ಅವನ ಮಾನ ಈಗ ಮನೆಯ ಮಾನ.

ಇಲ್ಲಿ ಒಂದು ನೋವಿನ ಸಂಗತಿಯನ್ನೂ ಬರೆದುಕೊಳ್ಳಬೇಕು. ಬೆಂಗಳೂರಿನ ಮಾತಿನ ಧಾರಾವಾಹಿಗೆ ಉತ್ತರ ಕರ್ನಾಟಕದ ಮಾತಾಡುವವನೊಬ್ಬ ಬರುತ್ತಾನೆ, ಬರುವುದೇ ಪೆದ್ದನಾಗಿ. ಅವನು ಹೇಳಿದ್ದರಲ್ಲಿ ಹಾಸ್ಯವಿರುವುದಿಲ್ಲ. ಅವನು ‘ಐತಿ’ ಅಂದದ್ದಕ್ಕೇ, ಧ್ವನಿ ಎತ್ತರಿಸಿದ್ದಕ್ಕೇ ನಗಬೇಕು. ಆಗ ಪಡಸಾಲೆ ಸುಮ್ಮನಾಗುತ್ತದೆ. ಸೆರಗಿಗೆ ಕೈ ಹೋಗುವುದಿಲ್ಲ, ಹಾಲು ಯಾರಿಗೂ ನೆನಪಾಗುವುದಿಲ್ಲ. ರಿಮೋಟ್ ಹಿಡಿದವರು ಚಾನೆಲ್ ಬದಲಿಸುತ್ತಾರೆ. ವಿಠ್ಠಲರಾಯನ ಮುಜುಗರದಲ್ಲಿ ಅವನಿಗೊಂದು ಜಾಗವಿದೆ, ಅವನೂ ನಮ್ಮವನು. ಮಾತಿನ ಧಾಟಿಯನ್ನೇ ಆಡಿಕೊಳ್ಳುವ ಈ ನಗುವಿನಲ್ಲಿ ನೋಡುವವರನ್ನೇ ಹೊರಗೆ ನಿಲ್ಲಿಸಲಾಗಿದೆ. ಇವೆರಡನ್ನೂ ಹಾಸ್ಯವೆಂದು ಒಂದೇ ಬುಟ್ಟಿಗೆ ಹಾಕಬಾರದು. 2016ರಲ್ಲಿ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಬಂದು, ಬೆಳಗಾವಿ ಜಿಲ್ಲೆಯ ಸಂಜು ಬಸಯ್ಯ ಅವರಂಥವರು ಇದೇ ಮಾತಿನಲ್ಲಿ, ಮಾತಿಗಾಗಿ ನಾಚದೆ, ವೇದಿಕೆಯನ್ನು ತುಂಬಿದಾಗ ಇಲ್ಲಿಯ ಮನೆಗಳಿಗೆ ಆದ ಸಂತೋಷ ಸಣ್ಣದಲ್ಲ. ಗಡಿಯ ಊರಾದ್ದರಿಂದ ಮರಾಠಿಯ ‘ಚಲಾ ಹವಾ ಯೇವೂ ದ್ಯಾ’, ‘ಹಾಸ್ಯಜತ್ರಾ’ ಕೂಡ ಇಲ್ಲಿ ಮನೆಮಾತು. ಎರಡು ಭಾಷೆಗಳಲ್ಲಿ ನಗಬಲ್ಲವರಿಗೆ ಯಾವ ನಗು ತಮ್ಮನ್ನು ಒಳಗೆ ಕರೆಯುತ್ತದೆ, ಯಾವುದು ಹೊರಗಿಡುತ್ತದೆ ಎಂಬುದು ಬಹಳ ಬೇಗ ಗೊತ್ತಾಗುತ್ತದೆ.

ಇಷ್ಟನ್ನೇ ನೋಡಿ ಎದ್ದು ಬಂದರೆ, ಮುಜುಗರದ ಹಾಸ್ಯಕ್ಕೆ ಜನ ಕಡಿಮೆ ನಗುತ್ತಾರೆ ಎಂದು ಬರೆದುಬಿಡಬಹುದು. ಬೆಳಗಿನವರೆಗೆ ಕಾಯಬೇಕು.

ಬೆಳಿಗ್ಗೆ ನಳದ ಹತ್ತಿರ ಕೊಡಗಳು ಸಾಲುಗಟ್ಟಿರುತ್ತವೆ. “ನಿನ್ನಿ ನೋಡಿದಿ ಏನವಾ ಅಂವನ್ನ?” “ನೋಡೂದೇನ್ ಬಂತು, ನಾ ಒಳಗ ಹ್ವಾದೆ. ಮುಂದ ಏನಾತು?” ಹೇಳುವವಳು ಕೊಡ ಕೆಳಗಿಟ್ಟು ಕತ್ತು ಕೊಂಕಿಸಿ ಆ ಧ್ವನಿ ತೆಗೆಯುತ್ತಾಳೆ. ರಾತ್ರಿ ಕಣ್ಣು ಮುಚ್ಚಿಕೊಂಡಿದ್ದವರು, ಎದ್ದು ಹೋಗಿದ್ದವರು ಈಗ ಸೊಂಟ ಹಿಡಿದು ನಗುತ್ತಾರೆ. ಯಾರೂ ನೋಟ ತಪ್ಪಿಸುವುದಿಲ್ಲ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ನರವಿಜ್ಞಾನಿ, ಒಂಟಿಯಾಗಿದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ಮನುಷ್ಯರು ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತಾರೆಂದು ಕಂಡುಕೊಂಡರು. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ: ಮುಜುಗರದ ನಗುವಿಗೆ ಜೊತೆಯೂ ಬೇಕು, ಒಂದು ರಾತ್ರಿಯೂ ಬೇಕು. ಕಂಡದ್ದು ಹೇಳಿದ್ದಾಗಿ ಮಾರ್ಪಟ್ಟ ಮೇಲೆ ಅದರ ಉರಿ ಇಳಿದಿರುತ್ತದೆ. ಹೇಳುವವಳ ಹಿಡಿತಕ್ಕೆ ಬಂದಿರುತ್ತದೆ.

ಹೀಗೆ ಮರುದಿನ ಹೇಳಿಕೊಂಡು ನಗುವುದು ಈ ಸೀಮೆಗೆ ಟೀವಿಯಿಂದ ಬಂದ ಅಭ್ಯಾಸವಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಮನೆಮನೆಗೆ ಮುಟ್ಟಿಸಿದ ಕುಲಗೋಡ ತಮ್ಮಣ್ಣನ ಊರು ಇರುವುದು ಇಂದಿನ ಮೂಡಲಗಿ ತಾಲ್ಲೂಕಿನಲ್ಲಿ. ಆ ಆಟಕ್ಕೆ ನಾಡಿನಲ್ಲೆಲ್ಲ ಹೆಸರು ತಂದ ನಿಂಗಮ್ಮ ಗೋಕಾಕ ಸೀಮೆಯ ಕೌಜಲಗಿಯವರು. ಪಾರಿಜಾತದ ಹೂವೊಂದು ರುಕ್ಮಿಣಿಯ ಮುಡಿ ಸೇರುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಜಗತ್ತನ್ನೇ ಆಳುವ ಕೃಷ್ಣ ಇಬ್ಬರು ಹೆಂಡಿರ ನಡುವೆ ಉತ್ತರ ಸಿಗದೆ ನಿಲ್ಲುತ್ತಾನೆ. ಭಾಗವತ ಸತ್ಯಭಾಮೆಯ ಬಿಂಕವನ್ನು ಆಡುಮಾತಿನಲ್ಲಿ ಕೆಣಕುತ್ತಾನೆ. ಗಂಡಹೆಂಡಿರ ಮನೆಯೊಳಗಿನ ಮುಜುಗರವನ್ನು ಊರ ನಡುವೆ ಬೆಳಗಿನ ತನಕ ಆಡಿ ತೋರಿಸಿದ ಈ ಕಲೆಯ ಮುಂದೆ, ಸಿಟ್‌ಕಾಮ್ ಎಂಬುದು ಇತ್ತೀಚಿನ ಮೊಮ್ಮಗು. ಆಟ ಮುಗಿದ ಬೆಳಿಗ್ಗೆ ಹೊಲದ ದಾರಿಯಲ್ಲಿ ಭಾಗವತನ ಮಾತು ಮತ್ತೆ ಮತ್ತೆ ಮರುಹುಟ್ಟು ಪಡೆಯುತ್ತಿದ್ದುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ.

ಕಾಲೇಜಿಗೆ ಹೋಗುವ ಹುಡುಗರು ಈಗ ಇಯರ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ನೋಡುತ್ತಾರೆ. ಬ್ರಿಟನ್ನಿನಲ್ಲಿ 2001ರಲ್ಲಿ ಹುಟ್ಟಿ 2005ರಲ್ಲಿ ಅಮೆರಿಕಕ್ಕೆ ಹೋದ ‘ದಿ ಆಫೀಸ್’ ಕೂಡ ತುಣುಕುತುಣುಕಾಗಿ ಈ ಊರ ಕಟ್ಟೆಯವರೆಗೆ ಬಂದಿದೆ. ಒಬ್ಬರೇ ನೋಡುವುದರಿಂದ ನಗು ಬತ್ತಿಹೋಗುತ್ತದೆ ಎಂಬ ಭಯ ನನಗಿತ್ತು. ಆದರೆ ಸಂಜೆ ಕಟ್ಟೆಯ ಮೇಲೆ ‘ದಿ ಆಫೀಸ್’ನ ಅಮೆರಿಕದ ಸಾಹೇಬನನ್ನು ಒಬ್ಬ ಹುಡುಗ ಎತ್ತಿ ತಂದು ಸೊಸೈಟಿಯ ಸೆಕ್ರೆಟರಿ ಮಾಡಿ ಕೂರಿಸಿದ. ಸಾಹೇಬ ಸಾಲ ಕೇಳಲು ಬಂದ ರೈತನಿಗೆ ಗೆಳೆತನದ ಭಾಷಣ ಬಿಗಿಯುತ್ತಾನೆ, ರೈತ ಟೋಪಿ ತಿರುಗಿಸುತ್ತಾ ನಿಂತಿದ್ದಾನೆ. ಮೂಲವನ್ನು ನೋಡದವರೂ ನಕ್ಕರು.

ಮಕ್ಕಳದು ಇನ್ನೂ ಮುಗಿಯದ ಟಿಪ್ಪಣಿ. ಡಾರ್ವಿನ್ 1872ರಲ್ಲಿ ಭಾವಗಳ ಬಗ್ಗೆ ಬರೆದ ಪುಸ್ತಕದಲ್ಲಿ, ನಾಚಿಕೆಯಿಂದ ಮುಖ ಕೆಂಪಾಗುವುದು ಮನುಷ್ಯರಿಗಷ್ಟೇ ಸೇರಿದ ಗುಣ, ಹಸುಗೂಸುಗಳಲ್ಲಿ ಅದು ಕಾಣದು ಎಂದ. ನಾನು ಕೂರುವ ಮನೆಯಲ್ಲಿ ಅಕ್ಕ ತಮ್ಮ ಇದ್ದಾರೆ. ಹೋದ ಚಳಿಗಾಲದವರೆಗೆ ಇಬ್ಬರೂ ಪಾಂಡುವಿನ ಏಟಿಗೂ ವಿಠ್ಠಲರಾಯನ ಜಂಬಕ್ಕೂ ಒಂದೇ ಸಮನೆ ಕೇಕೆ ಹಾಕುತ್ತಿದ್ದರು. ಈ ಸಲ ಅಕ್ಕ ಎಡವಟ್ಟಿಗೆ ಮೊದಲೇ ಆಯಿಯ ತೊಡೆಗೆ ಮುಖ ಒತ್ತಿದಳು. ತಮ್ಮ ಅವಳನ್ನು ಅಲುಗಿಸಿ ಕೇಳಿದ: “ಯಾಕವಾ, ಅಂವಾ ಏನ್ ಮಾಡಿದಾ?” ಅವಳು ಹೇಳಲಿಲ್ಲ. ಅವನು ನಗುವ ಮುಂಚೆ ಅಕ್ಕನ ಮುಖ ನೋಡತೊಡಗುವುದು ಯಾವಾಗ ಎಂಬುದನ್ನು ಮುಂದಿನ ಮಳೆಗಾಲದಲ್ಲಿ ಬಂದು ನೋಡಬೇಕಿದೆ.