ತೊಳೆಯದೆ ಇಟ್ಟ ಕಲ್ಲು

1960ರ ಸುಮಾರಿಗೆ ಅಮೆರಿಕ, ಯುರೋಪಿನ ಮನೆಗಳಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಬಣ್ಣವೆಂದರೆ ಮೀನಿನದು ಮಾತ್ರ. ಉಳಿದದ್ದೆಲ್ಲ ಬಿಳಿ. ಸತ್ತ ಹವಳದ ಅಸ್ಥಿಪಂಜರವನ್ನು ಬ್ಲೀಚಿನಲ್ಲಿ ನೆನೆಹಾಕಿ, ಒಣಗಿಸಿ ಒಳಗಿಡುತ್ತಿದ್ದರು. ಮೇಲೆ ಕಂದು ಪಾಚಿ ಕಾಣಿಸಿತೋ, ಹೊರತೆಗೆದು ಮತ್ತೆ ಬ್ಲೀಚು. ತಳದಲ್ಲಿ ಪುಡಿಹವಳದ ಜಲ್ಲಿ, ಅದರಡಿ ತೂತುಗಳ ಪ್ಲಾಸ್ಟಿಕ್ ತಟ್ಟೆ. ಜಲ್ಲಿಯ ಮೂಲಕ ಇಳಿಯುವ ನೀರು ಶುದ್ಧವಾಗುತ್ತದೆ ಎಂಬುದು ಲೆಕ್ಕಾಚಾರ.

ಲೆಕ್ಕಾಚಾರ ಅರ್ಧ ಸರಿಯಿತ್ತು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಜಲ್ಲಿಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತಿದ್ದವು. ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ನೈಟ್ರೇಟ್ ಏರುತ್ತಲೇ ಹೋಗುತ್ತಿತ್ತು. ಗಟ್ಟಿಜೀವದ ಮೀನು ತಡೆದುಕೊಂಡರೂ ಹವಳ ತಡೆಯುತ್ತಿರಲಿಲ್ಲ.

ಅದೇ ಹೊತ್ತಿಗೆ ಇಂಡೋನೇಷ್ಯಾದ ಜಕಾರ್ತಾದಲ್ಲಿ ಲೀ ಚಿನ್ ಎಂಗ್ ಎಂಬಾತ ಏನನ್ನೂ ತೊಳೆಯದೆ ತೊಟ್ಟಿ ಇಟ್ಟಿದ್ದ. ಸಮುದ್ರದ ನೀರು, ಪಾಚಿ ಸ್ಪಂಜು ಹುಳುಗಳ ಸಮೇತ ಹವಳದಿಬ್ಬದಿಂದ ತಂದ ಕಲ್ಲು, ಒಂದಿಷ್ಟು ಗಾಳಿಗುಳ್ಳೆ, ಅಷ್ಟೆ. ಫಿಲ್ಟರ್ ಇಲ್ಲ. 1961ರಲ್ಲಿ ಅಮೆರಿಕದ ‘ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್’ ಪತ್ರಿಕೆಯಲ್ಲಿ ಆತ ಇದನ್ನು ಬರೆದ. ಆದರೆ ಆತನಿಗೆ ಕಡಲು ಪಕ್ಕದಲ್ಲೇ ಇತ್ತು, ಷಿಕಾಗೋದವನು ಏನು ಮಾಡಿಯಾನು? ಈ ವಿಧಾನ ಎಲ್ಲೆಡೆ ಬೇರೂರಿದ್ದು 1980ರ ದಶಕದಿಂದೀಚೆಗೆ, ಬರ್ಲಿನ್ನಿನ ಹವ್ಯಾಸಿಗಳು ಅಂಥದೇ ಕಲ್ಲಿಗೆ ನೊರೆಯೊಡನೆ ಕೊಳೆ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಜೋಡಿಸಿ ಹವಳ ಬೆಳೆಸಿ ತೋರಿಸಿದ ಮೇಲೆ.

ಗುಟ್ಟು ಇರುವುದು ರಂಧ್ರಗಳಲ್ಲಿ. ‘ಲೈವ್ ರಾಕ್’ ಎನ್ನುವುದು ಹವಳದ ಹಳೆಯ ಅಸ್ಥಿಯೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹೊರಮೈಯ ಬ್ಯಾಕ್ಟೀರಿಯಾ ಜಲ್ಲಿಯಲ್ಲಿನ ಕೆಲಸವನ್ನೇ ಮಾಡುತ್ತವೆ. ಆಮ್ಲಜನಕ ತಲುಪದ ಒಳಸಂದುಗಳಲ್ಲಿ ಮಾತ್ರ ಬೇರೆಯವು ನೆಲೆಸುತ್ತವೆ. ಇವು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ಜಲ್ಲಿ ಅರ್ಧಕ್ಕೆ ಕೈಬಿಟ್ಟದ್ದು ಕಲ್ಲಿನ ಹೊಟ್ಟೆಯಲ್ಲಿ ಮುಗಿಯುತ್ತದೆ.

ಇಂಥ ಕಲ್ಲು ಒಂಟಿಯಾಗಿ ಬರುವುದಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿ ವಿಮಾನದಲ್ಲಿ ಕಳಿಸಿದಾಗ ಅದರ ಮೇಲಿನ ಜೀವಿಗಳಲ್ಲಿ ಎಷ್ಟೋ ದಾರಿಯಲ್ಲೇ ಸತ್ತಿರುತ್ತವೆ. ಪೆಟ್ಟಿಗೆ ತೆರೆದರೆ ನಾತ. ವಾರಗಟ್ಟಲೆ ಬೇರೆ ಡ್ರಮ್ಮಿನಲ್ಲಿಟ್ಟು ಹದಕ್ಕೆ ತರಬೇಕು. ಬದುಕಿ ಬಂದವುಗಳದ್ದು ಇನ್ನೊಂದು ತಲೆನೋವು. 2009ರಲ್ಲಿ ಇಂಗ್ಲೆಂಡಿನ ನ್ಯೂಕೀ ಪಟ್ಟಣದ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗತೊಡಗಿದವು, ಮೀನುಗಳಿಗೆ ಗಾಯಗಳಾದವು. ಸಿಬ್ಬಂದಿ ಕಲ್ಲುಗಳನ್ನು ಒಂದೊಂದಾಗಿ ಎತ್ತುತ್ತ ಹೋದಾಗ ಸಿಕ್ಕಿದ್ದು ಸುಮಾರು ನಾಲ್ಕು ಅಡಿ ಉದ್ದದ ಕಡಲಹುಳು!

ಮರಳಿನ ಹುಟ್ಟು ನನಗೆ ಇನ್ನೂ ಸ್ವಾರಸ್ಯವೆನಿಸುತ್ತದೆ. ಅಕ್ವೇರಿಯಂಗೆ ಹೆಸರಾದ ಬಹಾಮಾಸಿನ ಅರಗೊನೈಟ್ ಮರಳು ಬಂಡೆ ಪುಡಿಯಾಗಿ ಆದದ್ದಲ್ಲ. ಬಿಸಿಲಿಗೆ ಕಾದ ಆಳವಿಲ್ಲದ ನೀರಿನಲ್ಲಿ ಸಣ್ಣ ಚೂರೊಂದು ಅಲೆಗೆ ಉರುಳಾಡುತ್ತ, ಮೈಸುತ್ತ ಸುಣ್ಣದ ಪದರ ಮೆತ್ತಿಕೊಂಡು ದುಂಡಗಾಗುತ್ತದೆ. ಭೂತಗನ್ನಡಿಯಲ್ಲಿ ಥೇಟ್ ಮೀನಿನ ಮೊಟ್ಟೆ. ಮಾಲ್ಡೀವ್ಸಿನ ಬಿಳಿ ಮರಳಿನ ದೊಡ್ಡ ಪಾಲಾದರೋ ಹವಳದ ಬಂಡೆ ಕೆರೆದು ತಿನ್ನುವ ಗಿಳಿಮೀನುಗಳ ಹಿಕ್ಕೆ. ಮಧುಚಂದ್ರಕ್ಕೆ ಹೋದವರಿಗೆ ಇದನ್ನು ಹೇಳಬೇಕಿಲ್ಲ.

ಚಿಟಿಕೆ ಮರಳಿನ ಮೇಲೆ ವಿನೆಗರ್ ಹನಿಸಿ ನೋಡಿ. ಸುಣ್ಣದ ಮರಳು ನೊರೆಗಟ್ಟುತ್ತದೆ. ಮಲ್ಪೆಯದೋ ಮುರ್ಡೇಶ್ವರದ್ದೋ ಆದರೆ ಚಿಪ್ಪಿನ ಚೂರುಗಳು ಮಾತ್ರ ಗುಳ್ಳೆ ಬಿಟ್ಟು ಉಳಿದದ್ದು ಸುಮ್ಮನಿರುತ್ತದೆ, ಅದು ಬಹುತೇಕ ಕ್ವಾರ್ಟ್ಜ್. ಆದರೆ ಸುಣ್ಣದ ಮರಳು ನೀರಿನ ಪಿಎಚ್ ಕಾಯುತ್ತದೆ ಎಂಬ ಮಾರಾಟದ ಮಾತನ್ನು ಪೂರ್ತಿ ನಂಬಬೇಡಿ. ಕಡಲನೀರಿನ ಪಿಎಚ್ 8ರ ಮೇಲಿರುವಾಗ ಅರಗೊನೈಟ್ ಕರಗುವುದು ಅಷ್ಟಕ್ಕಷ್ಟೆ. 1980ರ ದಶಕದಲ್ಲಿ ಮೊನಾಕೊದಲ್ಲಿ ಝಾನ್ ಝೋಬೇರ್ ಎಂಬ ವಿಜ್ಞಾನಿ ಕಲ್ಲಿನ ಹೊಟ್ಟೆಯ ಕೆಲಸವನ್ನು ದಪ್ಪ ಮರಳಿನ ಹಾಸಿನಲ್ಲೂ ಮಾಡಿಸಬಹುದೆಂದು ತೋರಿಸಿದ್ದು ನಿಜ. ಹೊಸಬರು ಅದರ ಉಸಾಬರಿಗೆ ಹೋಗದಿರುವುದು ಕ್ಷೇಮ. ಎರಡು ಇಂಚು ಸಾಕು. ಸಕ್ಕರೆಗಿಂತ ಸಣ್ಣ ಮರಳು ಪಂಪಿನ ಸೆಳೆತಕ್ಕೆ ಹಾರುತ್ತದೆ, ಜಲ್ಲಿಯಂಥದ್ದು ಕಸ ಹಿಡಿದಿಡುತ್ತದೆ.

ಕಲ್ಲಿನ ಬೆಲೆ ತಿಳಿದದ್ದೇ ಸುಲಿಗೆ ಶುರುವಾಯಿತು. ಇದೇನೂ ಹೊಸದಲ್ಲ. 1854ರಲ್ಲಿ ಫಿಲಿಪ್ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕದಿಂದ ಇಂಗ್ಲೆಂಡಿಗೆ ಈ ಹುಚ್ಚು ಹಿಡಿಸಿದ ಮೇಲೆ ಅಲ್ಲಿನ ಕಡಲದಂಡೆಯ ಬಂಡೆಗುಂಡಿಗಳು ಬರಿದಾದವೆಂದು ಮಗ ಎಡ್ಮಂಡ್ ಮುಂದೆ ಕೊರಗಿದ್ದಾನೆ. ಫ್ಲಾರಿಡಾದಲ್ಲಿ ದಿಬ್ಬದಿಂದ ಕಲ್ಲು ಕೀಳುವುದಕ್ಕೆ 1990ರ ದಶಕದಲ್ಲಿ ತಡೆ ಬಿತ್ತು. ಅಲ್ಲಿನವರು ಗಣಿಯ ಸುಣ್ಣಕಲ್ಲನ್ನು ಗುತ್ತಿಗೆ ಹಿಡಿದ ಕಡಲತಳದಲ್ಲಿ ಸುರಿದು, ಜೀವ ಹತ್ತಿದ ಮೇಲೆ ಎತ್ತಿ ಮಾರತೊಡಗಿದರು. ನಮ್ಮಲ್ಲಿ 2001ರಿಂದ ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪದ ಹವಳ ಮುಟ್ಟುವಂತಿಲ್ಲ. ‘ಅಸಲಿ ಲೈವ್ ರಾಕ್ ಇದೆ ಸಾರ್’ ಎಂದು ಯಾರಾದರೂ ಪಿಸುಗುಟ್ಟಿದರೆ ಎದ್ದು ಬರುವುದೇ ಸರಿ.

ಉಳಿದದ್ದು ಒಣಕಲ್ಲು ಇಲ್ಲವೇ ಸಿಮೆಂಟಿನಲ್ಲಿ ಎರಕ ಹೊಯ್ದದ್ದು. ಹಗುರವಾದದ್ದನ್ನೇ ಆರಿಸಿ, ರಂಧ್ರ ಹೆಚ್ಚಿರುತ್ತದೆ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ತಿಂಗಳೋ ಒಂದೂವರೆ ತಿಂಗಳೋ ಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು. ಜೋಡಿಸುವಾಗ ಮೊದಲು ಕಲ್ಲನ್ನು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಬೇಕು. ಗೋಬಿ ಮೀನಿನ ಜತೆಗಾರ ಪಿಸ್ತೂಲು ಸಿಗಡಿ ಸದಾ ಬಿಲ ತೋಡುವ ಜಾತಿ. ಮರಳಿನ ಮೇಲೆ ಕೂರಿಸಿದ ಗುಡ್ಡೆಯನ್ನು ಅದು ಬುಡದಿಂದಲೇ ಸಡಿಲಿಸಿ ಗಾಜಿಗೆ ಕೆಡವುತ್ತದೆ.